ಐಎಪಿ ಮೆಂಬರ್‌ಶಿಪ್ ಇಲ್ದೆ ಫಿಸಿಯೋ ಕ್ಲಿನಿಕ್ ಹಾಕಂಗಿಲ್ವಾ?

ಶಿರಾಗೇಟ್_ಬಿಪಿಟಿ: ನಂದು ಇಂಟರ್ನ್‌ಶಿಪ್ ಮುಗೀತಾ ಬಂತು, ತುಮಕೂರು ಶಿರಾ ಗೇಟ್ ಹತ್ರ ಒಂದು ಸಣ್ಣ ಮಳಿಗೆ ನೋಡಿದೀವಿ, ಎರಡು ಮಂಚ ನೋವಿಗೆ ಕರೆಂಟ್ ಕೊಡೋ ಒಂದು ಐಎಫ್‌ಟಿ ಮಷೀನ್ ಇಟ್ಕೊಂಡು ಶುರು ಮಾಡೋಣ ಅಂತ. ಸೀನಿಯರ್ಸ್ ಎಲ್ಲ ಮೊದ್ಲು ಐಎಪಿ, ಅಂದ್ರೆ ನಮ್ಮ ಫಿಸಿಯೋಗಳ ಸಂಘಕ್ಕೆ ಲೈಫ್ ಮೆಂಬರ್ ಆಗು ಅದೇ ಲೈಸೆನ್ಸು ಅಂತಾರೆ, ಅಪ್ಪ ನೋಡಿದ್ರೆ ದುಡ್ಡು ಕೊಟ್ಟು ಕಾರ್ಡ್ ತಗೊಂಡು ಏನ್ ಮಾಡ್ತೀಯ ಅಂತಾರೆ. ಯಾರ್ ಮಾತು ಕೇಳ್ಲಿ?

ಕೋಲಾರ_ಪಿಟಿ: ಲೈಸೆನ್ಸ್ ಅಲ್ಲಮ್ಮ ಅದು. ಇಂಡಿಯನ್ ಅಸೋಸಿಯೇಷನ್ ಆಫ್ ಫಿಸಿಯೋಥೆರಪಿಸ್ಟ್ಸ್ ನಮ್ಮ ವೃತ್ತಿಯೋರೇ ಕಟ್ಕೊಂಡಿರೋ ಸಂಘ, ಸೇರೋದು ಬಿಡೋದು ನಿನ್ನಿಷ್ಟ. 1955ರಲ್ಲಿ ಶುರುವಾಗಿದ್ದು, ಆಗ ಪೋಲಿಯೋ ಕಾಲ, ಬಾಂಬೆಯಲ್ಲಿ ಫಿಸಿಯೋ ಕಲಿಸೋಕೆ ಶುರು ಮಾಡಿ ಇನ್ನೂ ಕೆಲವೇ ವರ್ಷ ಆಗಿತ್ತು. 1967ರಲ್ಲಿ ಫಿಸಿಯೋಗಳ ವಿಶ್ವ ಒಕ್ಕೂಟಕ್ಕೆ ಸೇರ್ತು. ಕೇಂದ್ರದಲ್ಲಿ ನಮಗೆ ಅಂತ ಒಂದು ಕೌನ್ಸಿಲ್ಲೂ ಇರ್ಲಿಲ್ಲ ನೋಡು, ಎಷ್ಟೋ ದಶಕ ಹಂಗೇ ಕಳೀತು, ಹಂಗಾಗಿ ಎಲ್ಲಿ ಕೇಳಿದ್ರೂ ತೋರ್ಸೋಕೆ ಇದ್ದಿದ್ದು ಈ ಕಾರ್ಡೇ. ನಿನ್ ಸೀನಿಯರ್ಸ್ ಬಾಯಲ್ಲಿ ಲೈಸೆನ್ಸ್ ಅಂತ ಬರೋದು ಆ ರೂಢಿಗೆ.

ಬಿಎಚ್‌ರೋಡ್_ಸೀನಿಯರ್: ಕರೆಕ್ಟ್. ಕಾನೂನು ಬಂದಿದ್ದೇ 2021ರಲ್ಲಿ, ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಆಕ್ಟ್ ಅಂತ, ರಿಜಿಸ್ಟ್ರೇಷನ್ ಏನಿದ್ರೂ ಅದರ ಕೆಳಗಿನ ರಾಜ್ಯ ಕೌನ್ಸಿಲ್‌ದು. ಕ್ಲಿನಿಕ್‌ಗೆ ಕೆಪಿಎಂಇ, ಅಂದ್ರೆ ಖಾಸಗಿ ಆಸ್ಪತ್ರೆ-ಕ್ಲಿನಿಕ್‌ಗಳ ರಾಜ್ಯ ಕಾಯ್ದೆ ಕೆಳಗಿನ ನೋಂದಣಿ ಬೇರೆ ಬೇಕು, ಅದನ್ನ ಮರೀಬೇಡಿ, ಬಾಡಿಗೆ ಕರಾರು ಮಾಡ್ಕೊಳೋ ಮುಂಚೆನೇ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಓ) ಆಫೀಸಲ್ಲಿ ಒಂದ್ಸಲ ವಿಚಾರಿಸಿ.

ಗೌರಿಬಿದನೂರು_ಫಿಸಿಯೋ: ಹಂಗಾದ್ರೆ ಸಂಘ ಯಾಕ್ರೀ ಬೇಕು? ವರ್ಷಕ್ಕೊಂದು ಕಾನ್ಫರೆನ್ಸು, ಶಾಲು, ಮೊಮೆಂಟೋ, ಗ್ರೂಪ್ ಫೋಟೋ. ನಮ್ಮೂರಲ್ಲಿ ಇವತ್ತಿಗೂ ನಮ್ಮನ್ನ ಕರೆಂಟ್ ಕೊಡೋರು ಅಂತಾನೇ ಕರೀತಾರೆ, ಲಕ್ವ ಹೊಡ್ದೋರನ್ನ ಎಲ್ಲಾ ಕಡೆ ಸುತ್ತಿಸಿ ಕೈ ಬಿಗಿಯಾದ್ಮೇಲೆ ಕರ್ಕೊಂಡ್ ಬರ್ತಾರೆ.

ಕೋಲಾರ_ಪಿಟಿ: ಶಾಲಿನ ವಿಷ್ಯ ಒಪ್ಕೋತೀನಿ ಗುರು 😄 ಆದ್ರೆ 2025 ನೆನಪಿದ್ಯಾ, ಸೆಪ್ಟೆಂಬರ್ 8 ವಿಶ್ವ ಫಿಸಿಯೋ ದಿನ, ಮಾರನೇ ದಿನವೇ ಕೇಂದ್ರದ ಆರೋಗ್ಯ ಸೇವಾ ಮಹಾನಿರ್ದೇಶನಾಲಯ ಡಿಜಿಎಚ್‌ಎಸ್‌ನಿಂದ ಫಿಸಿಯೋಗಳು ಹೆಸರ ಹಿಂದೆ ಡಾಕ್ಟರ್ ಹಾಕ್ಕೋಬಾರ್ದು ಅಂತ ಲೆಟರ್, 10ಕ್ಕೆ ಅದನ್ನ ವಾಪಸ್ ತಗೊಂಡ್ರು. ಇಂಥ ಹೊತ್ತಲ್ಲಿ ಡಾಕ್ಟರ್‌ಗಳ ಸಂಘ ಐಎಂಎ ಎದುರು ಕೂತು ಮಾತಾಡೋಕೆ ನೀನು ಗೌರಿಬಿದನೂರಿಂದ ನಾನು ಕೋಲಾರದಿಂದ ಹೋಗ್ತೀವಾ? ಕೌನ್ಸಿಲ್ ಇರೋದು ನಮ್ಮನ್ನ ರೂಲ್ಸಲ್ಲಿ ಇಡೋಕೆ, ನಮ್ ಪರ ಜಗಳ ಆಡೋದು ಅದರ ಕೆಲಸ ಅಲ್ಲ.

ಶಿರಾಗೇಟ್_ಬಿಪಿಟಿ: ಥ್ಯಾಂಕ್ಸ್ ಸರ್, ಮೊದ್ಲು ಕೌನ್ಸಿಲ್ಲು ಕೆಪಿಎಂಇ ನೋಡ್ಕೋತೀನಿ, ಐಎಪಿಗೆ ಕ್ಲಿನಿಕ್ ದುಡ್ಡಲ್ಲೇ ಕಟ್ತೀನಿ, ಅಪ್ಪನ್ನ ಕೇಳಲ್ಲ. ಸೆಕೆಂಡ್‌ಹ್ಯಾಂಡ್ ಟ್ರ್ಯಾಕ್ಷನ್ ಟೇಬಲ್ ಯಾರ ಹತ್ರನಾದ್ರೂ ಇದ್ರೆ ಹೇಳಿ.