ಅಮ್ಮನ ಸೊಂಟದ ಡಿಸ್ಕ್ ಸವೆದಿದೆಯಂತೆ, ಕಾಲು ನೋವಿಗೆ ಆಪರೇಷನ್ ಬೇಕೇ ಬೇಕಾ?

ರೇಷ್ಮೆಮನೆ_ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟದ ಹತ್ತಿರ ಹಳ್ಳಿ. ಅಮ್ಮನಿಗೆ 52 ವರ್ಷ. ಸೊಪ್ಪಿನ ಹೊರೆ ಹೊರುವುದು, ಬಗ್ಗಿ ಹುಳಕ್ಕೆ ಸೊಪ್ಪು ಹಾಕುವುದು ಎಲ್ಲ ಅವರದ್ದೇ. ತಿಂಗಳ ಮೇಲಾಯಿತು, ಬಲಗಡೆ ಸೊಂಟದಿಂದ ಹಿಡಿದು ತೊಡೆ ಹಿಂದೆ ಇಳಿದು ಕಾಲಿನ ಹೆಬ್ಬೆರಳ ತನಕ ಸೆಳೆತ. ಕೂತರೆ ಜಾಸ್ತಿ, ಕೆಮ್ಮಿದರೆ ಕರೆಂಟ್ ಹೊಡೆದ ಹಾಗೆ ಆಗುತ್ತದಂತೆ. ಎಂಆರ್‌ಐನಲ್ಲಿ ಎಲ್4-ಎಲ್5 ಡಿಸ್ಕ್ (ಸೊಂಟದ 4 ಮತ್ತು 5ನೇ ಮೂಳೆಗಳ ನಡುವಿನ ಮೆತ್ತೆ) ಸವೆದು ಬಲಗಡೆ ನರ ಒತ್ತಿದೆ ಅಂತ ಬಂದಿದೆ. ಒಬ್ಬ ಡಾಕ್ಟರು ಆಪರೇಷನ್ ಅಂದರು, ಇನ್ನೊಬ್ಬರು ಕಾಯಿರಿ ಅಂದರು. ಊರಲ್ಲಿ ಸೊಂಟ ಎಳೆಯುವವರ ಹತ್ತಿರ ಕರ್ಕೊಂಡು ಹೋಗು ಅಂತಾರೆ. ಯಾರ ಮಾತು ಕೇಳಲಿ?

ಚಿಕ್ಕಬಳ್ಳಾಪುರ_ಫಿಸಿಯೋ:
ತಮ್ಮಾ, ಮೊದಲು ಸೊಂಟ ಎಳೆಸುವುದು ಬೇಡ. ನರ ಒತ್ತಿರುವಾಗ ಜೋರಾಗಿ ತಿರುಚಿದರೆ ಇರುವ ತೊಂದರೆ ಹೆಚ್ಚಾಗಬಹುದು.

ಸವೆದಿದೆ ಅನ್ನೋ ಪದ ನೋಡಿ ಹೆದರಬೇಡಿ. ಡಿಸ್ಕ್ ಒಳಗೆ ನೀರಿನಂಶ ಇರುತ್ತದೆ, ವಯಸ್ಸಾದಂತೆ ಅದು ಕಡಿಮೆಯಾಗಿ ಎಂಆರ್‌ಐನಲ್ಲಿ ಕಪ್ಪಗೆ ಕಾಣುತ್ತದೆ. ಒಂದು ದಿನವೂ ನೋವು ಬರದವರಲ್ಲೂ ಇದು ಸಾಮಾನ್ಯ. ಕಾಲು ನೋವಿಗೆ ಕಾರಣ ಬೇರೆ: ಡಿಸ್ಕ್ ಹೊರಗೆ ಉಬ್ಬಿ ನರದ ಬುಡಕ್ಕೆ ತಾಗುತ್ತದೆ, ಅಲ್ಲಿ ಊತ ಬರುತ್ತದೆ. ಎಲ್4-ಎಲ್5ನಲ್ಲಿ ಹೆಚ್ಚಾಗಿ ಸಿಕ್ಕಿಕೊಳ್ಳುವುದು ಎಲ್5 ನರ, ಅದಕ್ಕೇ ಹೆಬ್ಬೆರಳ ತನಕ ಸೆಳೆತ. ತುಂಬಾ ಜನರಿಗೆ 6ರಿಂದ 12 ವಾರದಲ್ಲಿ ಇದು ತಾನಾಗಿಯೇ ಇಳಿಯುತ್ತದೆ, ಉಬ್ಬಿದ ಭಾಗವೂ ನಿಧಾನಕ್ಕೆ ಕುಗ್ಗುತ್ತದೆ. ಅಲ್ಲಿಯವರೆಗೆ ಹೊರೆ ಬೇಡ. ಹಾಗಂತ ಹಾಸಿಗೆ ಹಿಡಿಯುವುದೂ ಬೇಡ, ಆಗುವಷ್ಟು ಓಡಾಡಲಿ.

ಇವತ್ತೇ ಒಂದು ನೋಡಿ. ಅಮ್ಮನನ್ನು ಕೂರಿಸಿ ಎರಡೂ ಕಾಲಿನ ಹೆಬ್ಬೆರಳನ್ನು ಮೇಲಕ್ಕೆತ್ತಲು ಹೇಳಿ, ನೀವು ಬೆರಳಿಟ್ಟು ಕೆಳಗೆ ಒತ್ತಿ. ಬಲಗಡೆ ಸುಲಭವಾಗಿ ಬಗ್ಗುತ್ತದಾ? ಹಿಮ್ಮಡಿ ಮೇಲೆ ನಡೆಯಲು ಆಗುತ್ತದಾ? ಮೂತ್ರ ಕಟ್ಟಿದರೆ, ಗೊತ್ತಿಲ್ಲದೆ ಹೋದರೆ, ಮಲ-ಮೂತ್ರದ ಜಾಗದ ಸುತ್ತ ಜೋಮು ಹಿಡಿದರೆ ಮಾತ್ರ ಬೆಳಗಾಗುವ ತನಕ ಕಾಯಲೇಬೇಡಿ, ರಾತ್ರಿಯಾದರೂ ದೊಡ್ಡ ಆಸ್ಪತ್ರೆಗೆ ಹೊರಡಿ.

ಕೋಲಾರ_ಟೊಮ್ಯಾಟೊ:
ನಮ್ಮ ಯಜಮಾನರಿಗೆ ಮಂಡಿಯಲ್ಲಿ ಬಾಕ್ಸ್ ಎತ್ತಿ ಎತ್ತಿ ಇದೇ ಆಗಿತ್ತು. ನರಕ್ಕೆ ಅಂತ ಕೊಟ್ಟ ಮಾತ್ರೆಯಿಂದ ತಲೆ ತಿರುಗಿ ಬೈಕ್ ಬಿಡಿಸಬೇಕಾಯಿತು, ಸೆಳೆತ ಅಷ್ಟೇನೂ ಇಳಿಯಲಿಲ್ಲ. ಬೆನ್ನಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿದ ಮೇಲೆ ಕೆಲವು ವಾರ ಆರಾಮಾಗಿ, ಆ ಸಮಯದಲ್ಲಿ ವ್ಯಾಯಾಮ ಶುರು ಮಾಡಿದರು, ಈಗ ಚೆನ್ನಾಗಿದ್ದಾರೆ. ಅಮ್ಮನಿಗೆ ಶುಗರ್ ಇದ್ದರೆ ಮೊದಲೇ ಹೇಳಿ, ಆ ಇಂಜೆಕ್ಷನ್‌ಗೆ ಶುಗರ್ ಏರುತ್ತದೆ. ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆ ಸುಮ್ನೆ ದಿನಾ ನುಂಗಿಸಬೇಡಿ, ಹೊಟ್ಟೆಗೂ ಕಿಡ್ನಿಗೂ ಕೆಟ್ಟದ್ದು.

ರೇಷ್ಮೆಮನೆ_ಹುಡುಗ:
ಈಗ ನೋಡಿದೆ ಸರ್. ಎಡಗಾಲಿನ ಹೆಬ್ಬೆರಳು ಗಟ್ಟಿಯಾಗಿದೆ, ಬಲದ್ದು ಒಂದು ಬೆರಳಲ್ಲಿ ಒತ್ತಿದರೆ ಬಗ್ಗಿಬಿಡುತ್ತದೆ. ಹೋದ ವಾರದಿಂದ ಬಲಗಾಲಿನ ಚಪ್ಪಲಿ ಜಾರಿ ಬಿದ್ದುಹೋಗುತ್ತದಂತೆ, ಕೇಳಿದ ಮೇಲೆ ಹೇಳಿದರು. ಮೂತ್ರದ ತೊಂದರೆ ಇಲ್ಲ.

ಚಿಕ್ಕಬಳ್ಳಾಪುರ_ಫಿಸಿಯೋ:
ಹಾಗಾದರೆ 12 ವಾರ ಕಾಯುವ ಮಾತು ನಿಮಗಲ್ಲ. ಬರೀ ನೋವಾದರೆ ಕಾಯಬಹುದು, ಶಕ್ತಿ ಕಡಿಮೆಯಾಗುತ್ತಿದ್ದರೆ ತಡ ಮಾಡಬಾರದು. ನಾಳೆಯೇ ಬೆನ್ನುಮೂಳೆ ಸರ್ಜನ್ ಅಥವಾ ನ್ಯೂರೋ ಸರ್ಜನ್‌ಗೆ ತೋರಿಸಿ, ಬೆಂಗಳೂರಿನ ಸಂಜಯ್ ಗಾಂಧಿ ಆಸ್ಪತ್ರೆ, ನಿಮ್ಹಾನ್ಸ್ ಎರಡರಲ್ಲೂ ನೋಡುತ್ತಾರೆ. ಚಪ್ಪಲಿ ಜಾರುವ ವಿಷಯ ಮರೆಯದೆ ಹೇಳಿ. ಆಪರೇಷನ್ ಅಂದರೆ ಯಾವುದು ಅಂತ ಕೇಳಿ: ನರ ಒತ್ತಿದ ತುಣುಕು ಮಾತ್ರ ತೆಗೆಯುವುದಾ, ಸ್ಕ್ರೂ ಹಾಕಿ ಮೂಳೆ ಕೂಡಿಸುವುದಾ? ಮೊದಲನೆಯದು ಚಿಕ್ಕದು, ಕಾಲು ನೋವು ಬೇಗ ಇಳಿಸುತ್ತದೆ. ಎರಡನೆಯದು ಅಂದರೆ ಯಾಕೆ ಬೇಕು ಅಂತ ಬಿಡಿಸಿ ಕೇಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಸಿಗುತ್ತದೆ. ಅಲ್ಲಿಯವರು ರೆಫರಲ್ ಚೀಟಿ ಕೇಳಬಹುದು, ಹೋಗುವಾಗಲೇ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಎಂಆರ್‌ಐ ಫಿಲ್ಮನ್ನೂ ತಗೊಂಡು ಹೋಗಿ, ಬರೀ ರಿಪೋರ್ಟ್ ಸಾಲದು.