ಸಿಸೇರಿಯನ್‌ಗೆ ಮುಂಚೆ ಹನಿ ನೀರೂ ಕುಡಿಯಬಾರದಾ?

ಸಕ್ಕರೆನಾಡು: ತಂಗಿಗೆ ಶುಕ್ರವಾರ ಮಂಡ್ಯದಲ್ಲಿ ಸಿಸೇರಿಯನ್. ಮನೆಯವರು ಅಭಿಜಿನ್ ಮುಹೂರ್ತ ಕೇಳಿದ್ದಕ್ಕೆ ಡಾಕ್ಟರು ಮಧ್ಯಾಹ್ನ 12ಕ್ಕೆ ಒಪ್ಪಿದಾರೆ. ವಾರ್ಡಿನಲ್ಲಿ ‘ರಾತ್ರಿ 10ರ ಮೇಲೆ ಏನೂ ಕೊಡ್ಬೇಡಿ’ ಅಂದ್ರು. 14 ಗಂಟೆ ನೀರೂ ಇಲ್ದೆ ಇರ್ಬೇಕಾ? ಅಮ್ಮ ‘ಬೆಳಿಗ್ಗೆ ಅರ್ಧ ಲೋಟ ಕಾಫಿ ಕುಡಿದ್ರೆ ಏನಾಗುತ್ತೆ’ ಅಂತಿದಾರೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಎಚ್ಚರವಾಗೇ ಇಟ್ಟು ಮಾಡೋದಲ್ವಾ, ಹೊಟ್ಟೆ ಯಾಕೆ ಖಾಲಿ ಇರ್ಬೇಕು?

ಓಟಿ ಪಕ್ಕದವರು: ಬೆನ್ನಿನ ಇಂಜೆಕ್ಷನ್ ಸರಿಯಾಗಿ ಹಿಡಿಯದಿದ್ದರೆ, ಇಲ್ಲಾ ರಕ್ತಸ್ರಾವ ಜಾಸ್ತಿಯಾದರೆ, ಅಲ್ಲೇ ಪೂರ್ತಿ ಪ್ರಜ್ಞೆ ತಪ್ಪಿಸಬೇಕಾಗುತ್ತೆ. ಆಗ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು. ತುಂಬು ಗರ್ಭಿಣಿಯರಲ್ಲಿ ಗರ್ಭಕೋಶ ಜಠರವನ್ನು ಮೇಲಕ್ಕೆ ಒತ್ತಿರುತ್ತೆ, ಹಾರ್ಮೋನಿನಿಂದ ಅನ್ನನಾಳದ ಬುಡದ ಬಿಗಿ ಸಡಿಲವಾಗಿರುತ್ತೆ. ಕೊನೆ ತಿಂಗಳಲ್ಲಿ ಎದೆಯುರಿ ಬರೋದು ಇದಕ್ಕೇ. ನ್ಯೂಯಾರ್ಕಿನ ಹೆರಿಗೆ ಡಾಕ್ಟರ್ ಮೆಂಡೆಲ್ಸನ್ 1946ರಲ್ಲಿ 44,016 ಹೆರಿಗೆಗಳ ಲೆಕ್ಕ ತೆಗೆದಾಗ ಹೀಗೆ ಶ್ವಾಸಕೋಶಕ್ಕೆ ಇಳಿದ ಪ್ರಕರಣ 66 ಸಿಕ್ಕವು. ‘ರಾತ್ರಿಯಿಂದ ಏನೂ ಬೇಡ’ ಅನ್ನೋ ಪದ್ಧತಿ ಬೇರೂರಿದ್ದು ಆಮೇಲೆ.

ಆದರೆ ಈಗಿನ ನಿಯಮದಲ್ಲಿ ಊಟದ ಗಡಿಯಾರ ಬೇರೆ, ನೀರಿನ ಗಡಿಯಾರ ಬೇರೆ. ಎಣ್ಣೆ ತಿಂಡಿ, ಮಾಂಸದೂಟಕ್ಕೆ 8 ಗಂಟೆ. ಹಗುರ ತಿಂಡಿಗೆ 6 ಗಂಟೆ. ತಿಳಿ ದ್ರವಕ್ಕೆ 2 ಗಂಟೆ. 12ಕ್ಕೆ ಕೇಸ್ ಅಂದ್ರೆ ಬೆಳಿಗ್ಗೆ 6ರೊಳಗೆ ಎರಡು ಇಡ್ಲಿ, 10ರವರೆಗೆ ನೀರು. ಆದರೆ ನೀವೇ ಲೆಕ್ಕ ಹಾಕಿ ಕೊಡಬೇಡಿ. ಪಟ್ಟಿಯಲ್ಲಿ ಹಿಂದಿನ ಕೇಸ್ ರದ್ದಾದರೆ ನಿಮ್ಮದನ್ನು 9ಕ್ಕೇ ಕರೆಯಬಹುದು. ಗುರುವಾರ ಸಂಜೆ ಅನಸ್ತೇಷಿಯಾ ಡಾಕ್ಟರು ನೋಡೋಕೆ ಬಂದಾಗ ‘ನೀರು ಎಷ್ಟು ಗಂಟೆವರೆಗೆ’ ಅಂತ ನೇರವಾಗಿ ಕೇಳಿ, ಕೇಸ್ ಶೀಟಿನಲ್ಲಿ ಬರೆಸಿ.

ಕಾವೇರಿ ತೀರ: ಅಮ್ಮನ ಕಾಫಿ ಮಾತ್ರ ಬೇಡವೇ ಬೇಡ. ಹಾಲು ಬಿದ್ದ ಕ್ಷಣವೇ ಅದು ತಿಂಡಿಯ ಲೆಕ್ಕ, 6 ಗಂಟೆ. ಹೊಟ್ಟೆಯ ಆಮ್ಲಕ್ಕೆ ಹಾಲು ಒಡೆದು ಗಡ್ಡೆಗಟ್ಟುತ್ತೆ, ನೀರಿನ ಹಾಗೆ ಸರಸರ ಇಳಿಯಲ್ಲ. ಆ ಅರ್ಧ ಲೋಟಕ್ಕೆ ಆಪರೇಷನ್ನೇ ಮುಂದಕ್ಕೆ ಹೋಗುತ್ತೆ, ಮುಹೂರ್ತವೂ ಹೋಯ್ತು. ಹಾಲಿಲ್ಲದ ಡಿಕಾಕ್ಷನ್ ಆದರೆ ನೀರಿನ ಲೆಕ್ಕ, ಸಕ್ಕರೆ ಇದ್ದರೂ ಸರಿ.

ಸಕ್ಕರೆನಾಡು: ಎಳನೀರು? ಮಜ್ಜಿಗೆ, ರಾಗಿ ಅಂಬಲಿ?

ಕಾವೇರಿ ತೀರ: ಲೋಟದ ಆಚೆ ಬದಿ ಕಾಣಬೇಕು, ಅಷ್ಟೇ ಪರೀಕ್ಷೆ. ಗಂಜಿ ಇಲ್ಲದ ಎಳನೀರು, ಸೋಸಿದ ಸೇಬಿನ ರಸ ಪಾಸು. ಮಜ್ಜಿಗೆ, ಅಂಬಲಿ, ಗಂಜಿ, ತಿರುಳಿರೋ ಕಿತ್ತಳೆ ರಸ ಫೇಲು. ಎಲೆ ಅಡಿಕೆ ಅಭ್ಯಾಸ ಇದ್ದರೆ ಅದನ್ನೂ ನಿಲ್ಲಿಸಿ. ಹಿಂದಿನ ರಾತ್ರಿ ಮುದ್ದೆ-ಬಸ್ಸಾರು ತಿನ್ನಲಿ, 8ರೊಳಗೆ ಮುಗಿಸಲಿ.

ಓಟಿ ಪಕ್ಕದವರು: ಇದೆಲ್ಲ ನೋವು ಶುರುವಾಗದವರಿಗೆ. ಶುಕ್ರವಾರಕ್ಕೆ ಮುಂಚೆಯೇ ನೋವು ಬಂದರೆ ಹೊಟ್ಟೆ ಖಾಲಿಯಾಗೋದು ತೀರ ನಿಧಾನವಾಗುತ್ತೆ, ಈ 6-2 ಲೆಕ್ಕ ನಡೆಯಲ್ಲ. ತಿನ್ನೋದು ನಿಲ್ಲಿಸಿ ಆಸ್ಪತ್ರೆಗೆ ಹೊರಡಿ, ಕೊನೆಗೆ ಏನು, ಎಷ್ಟು ಗಂಟೆಗೆ ತಿಂದಿದ್ದು ಅಂತ ಮುಚ್ಚಿಡದೆ ಹೇಳಿ. ಬೈತಾರೆ ಅಂತ ಸುಳ್ಳು ಹೇಳೋದೇ ಅಪಾಯ. ಗೊತ್ತಿದ್ದರೆ ಆಮ್ಲ ತಗ್ಗಿಸೋ ಔಷಧಿ ಕೊಟ್ಟು ಹುಷಾರಾಗಿ ಮಾಡ್ತಾರೆ.

ಇನ್ಸುಲಿನ್ ತಗೊಳ್ತಿದ್ದರೆ ಬೆಳಗಿನ ಡೋಸ್ ಎಷ್ಟು ಅಂತ ರಾತ್ರಿಯೇ ಕೇಳಿ. ತಿಂಡಿಯಿಲ್ಲದೆ ಪೂರ್ತಿ ಡೋಸ್ ಹಾಕಿದರೆ ಶುಗರ್ ಕುಸಿಯುತ್ತೆ. ಥೈರಾಯ್ಡ್, ಬಿಪಿ ಮಾತ್ರೆಗಳಲ್ಲಿ ಡಾಕ್ಟರು ಬೇಕು ಅಂದದ್ದನ್ನು ಒಂದು ಗುಟುಕು ನೀರಲ್ಲಿ ನುಂಗಬಹುದು.

ಮಧ್ಯೆ ಎಮರ್ಜೆನ್ಸಿ ಕೇಸ್ ಬಂದು 12ರದ್ದು 3ಕ್ಕೆ ಹೋದರೆ ಸುಮ್ಮನೆ ಕೂರಬೇಡಿ. ‘ಇನ್ನೊಂದು ಲೋಟ ನೀರು ಕೊಡಬಹುದಾ, ಡ್ರಿಪ್ ಹಾಕ್ತೀರಾ’ ಅಂತ ಸಿಸ್ಟರ್ ಹತ್ರ ಕೇಳಿ. ಮೈಯಲ್ಲಿ ನೀರಿನಂಶ ಬತ್ತಿದ್ದರೆ ಬೆನ್ನಿನ ಇಂಜೆಕ್ಷನ್ ಆದಮೇಲೆ ಬಿಪಿ ಇನ್ನೂ ಜೋರಾಗಿ ಇಳಿದು, ಟೇಬಲ್ ಮೇಲೇ ವಾಕರಿಕೆ, ತಲೆಸುತ್ತು ಶುರುವಾಗುತ್ತೆ.