ಆಸ್ಕರ್ ಸಾಕ್ಷ್ಯಚಿತ್ರ ಪ್ರಶಸ್ತಿಯನ್ನು ಊಹಿಸುವಾಗ ಯಾವ ಸೂಚನೆಗಳನ್ನು ನಂಬಬಹುದು?

ಪ್ರಶ್ನೆ:
ಶೌನಕ್ ಸೇನ್ ಅವರ ‘ಆಲ್ ದಟ್ ಬ್ರೀದ್ಸ್’ 2022ರಲ್ಲಿ ಅಮೆರಿಕದ ಸನ್‌ಡ್ಯಾನ್ಸ್ ಉತ್ಸವದ ವಿದೇಶಿ ಸಾಕ್ಷ್ಯಚಿತ್ರ ವಿಭಾಗದಲ್ಲಿ ತೀರ್ಪುಗಾರರ ಅತ್ಯುನ್ನತ ಪ್ರಶಸ್ತಿಯನ್ನೂ, ಅದೇ ವರ್ಷ ಫ್ರಾನ್ಸ್‌ನ ಕಾನ್‌ನಲ್ಲಿ ಸಾಕ್ಷ್ಯಚಿತ್ರಕ್ಕೆಂದೇ ಇರುವ ಪ್ರಶಸ್ತಿಯನ್ನೂ ಗೆದ್ದಿತ್ತು. ಹೀಗಿದ್ದೂ 2023ರ ಆಸ್ಕರ್, ರಷ್ಯಾದ ವಿರೋಧಪಕ್ಷದ ನಾಯಕ ಅಲೆಕ್ಸೇಯ್ ನವಾಲ್ನಿ ಕುರಿತ ‘ನವಾಲ್ನಿ’ ಚಿತ್ರದ ಪಾಲಾಯಿತು. ಉತ್ಸವಗಳ ಗೌರವವನ್ನು ನೆಚ್ಚಿಕೊಳ್ಳಬಾರದು ಎಂದಾದರೆ, ಫಲಿತಾಂಶವನ್ನು ಮುಂಚಿತವಾಗಿ ಅಂದಾಜು ಮಾಡುವವರು ಯಾವುದನ್ನು ಗಮನಿಸಬೇಕು? ತಿಳಿದವರು ದಯವಿಟ್ಟು ವಿವರಿಸಬೇಕು.

ಮೊದಲ ಉತ್ತರ:
ಹದಿನೈದು ಚಿತ್ರಗಳ ಕಿರುಪಟ್ಟಿಯನ್ನೂ ಅದರಿಂದ ಐದು ನಾಮನಿರ್ದೇಶನಗಳನ್ನೂ ಆರಿಸುವವರು ಆಸ್ಕರ್ ನೀಡುವ ಅಕಾಡೆಮಿಯ ಸಾಕ್ಷ್ಯಚಿತ್ರ ಶಾಖೆಯವರು. ಆದರೆ ಕೊನೆಯ ಸುತ್ತಿನಲ್ಲಿ ನಟರು, ಸಂಕಲನಕಾರರು, ವಸ್ತ್ರವಿನ್ಯಾಸಕರು ಸೇರಿದಂತೆ ಎಲ್ಲ ಶಾಖೆಗಳ ಸದಸ್ಯರೂ ಮತ ಹಾಕುತ್ತಾರೆ. ರಾತ್ರಿಯ ದೆಹಲಿಯ ಬಯಲಿನಲ್ಲಿ ಓಡಾಡುವ ಇಲಿಗಳ ಮೇಲೆ ನಿಧಾನವಾಗಿ ಸರಿಯುವ ದೀರ್ಘ ದೃಶ್ಯದಿಂದ ಆರಂಭವಾಗುವ ಸೇನ್ ಅವರ ಚಿತ್ರದ ಕುಶಲತೆ ಮೊದಲ ಗುಂಪಿನವರಿಗೆ ತಕ್ಷಣ ಕಾಣುತ್ತದೆ. ‘ನವಾಲ್ನಿ’ಯಲ್ಲಾದರೋ, ವಿಷಪ್ರಾಶನದಿಂದ ಬದುಕುಳಿದ ವ್ಯಕ್ತಿಯೇ ಅಧಿಕಾರಿಯ ಸೋಗಿನಲ್ಲಿ ದೂರವಾಣಿ ಕರೆ ಮಾಡಿ, ಆ ಸಂಚಿನಲ್ಲಿದ್ದವನ ಬಾಯಿಂದಲೇ ವಿಷ ಹಾಕಿದ್ದು ಒಳಉಡುಪಿಗೆ ಎಂಬುದನ್ನು ಹೊರಡಿಸುವ ದೃಶ್ಯವಿದೆ; ಅದನ್ನು ನೋಡಿದ ಯಾರೂ ಮರೆಯಲಾರರು. ಅದೇ ಸನ್‌ಡ್ಯಾನ್ಸ್‌ನಲ್ಲಿ ‘ನವಾಲ್ನಿ’ಗೆ ಸಿಕ್ಕಿದ್ದು ಪ್ರೇಕ್ಷಕರ ಪ್ರಶಸ್ತಿ ಎಂಬುದನ್ನು ಗಮನಿಸಿ. 2021ರ ‘ಸಮ್ಮರ್ ಆಫ್ ಸೋಲ್’, 2023ರ ‘20 ಡೇಸ್ ಇನ್ ಮರಿಯುಪೋಲ್’ ಸಹ ಅಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆದೇ ಮುಂದೆ ಆಸ್ಕರ್ ಗೆದ್ದವು. ನನ್ನ ಮಟ್ಟಿಗೆ ನಾಮನಿರ್ದೇಶನವನ್ನು ಊಹಿಸಲು ತೀರ್ಪುಗಾರರನ್ನೂ, ಗೆಲುವನ್ನು ಊಹಿಸಲು ಪ್ರೇಕ್ಷಕರನ್ನೂ ನೋಡುವುದು ಸರಿ.

ಎರಡನೆಯ ಉತ್ತರ:
ಮೇಲಿನ ವಾದವನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಮಹಿಳೆಯರೇ ನಡೆಸುವ ‘ಖಬರ್ ಲಹರಿಯಾ’ ಪತ್ರಿಕೆಯ ದಲಿತ ಪತ್ರಕರ್ತೆಯರನ್ನು ಕುರಿತ ‘ರೈಟಿಂಗ್ ವಿತ್ ಫೈರ್’ ಕೂಡ 2021ರ ಸನ್‌ಡ್ಯಾನ್ಸ್‌ನಲ್ಲಿ ತನ್ನ ವಿಭಾಗದ ಪ್ರೇಕ್ಷಕರ ಪ್ರಶಸ್ತಿಯನ್ನು ಗೆದ್ದಿತ್ತು. ಆಸ್ಕರ್ ಮಾತ್ರ ಸಿಗಲಿಲ್ಲ. ಆದ್ದರಿಂದ ನಾನು ಬ್ರಿಟನ್ನಿನ ಚಲನಚಿತ್ರ ಪ್ರಶಸ್ತಿಯಾದ ಬಾಫ್ಟಾವನ್ನೂ ಜೊತೆಗಿಟ್ಟು ನೋಡುತ್ತೇನೆ. 2021ರಿಂದ 2024ರವರೆಗೆ ನಾಲ್ಕೂ ವರ್ಷ ಅಲ್ಲಿ ಗೆದ್ದ ಸಾಕ್ಷ್ಯಚಿತ್ರವೇ ಆಸ್ಕರ್ ಅನ್ನೂ ಪಡೆಯಿತು. 2025ರಲ್ಲಿ ಈ ಲೆಕ್ಕ ಸಂಪೂರ್ಣ ಕೈಕೊಟ್ಟಿತು: ಬಾಫ್ಟಾ ಗೆದ್ದ ‘ಸೂಪರ್/ಮ್ಯಾನ್’ ಆಸ್ಕರ್‌ನ ಕಿರುಪಟ್ಟಿಯಲ್ಲೇ ಇರಲಿಲ್ಲ. ಅಮೆರಿಕದಲ್ಲಿ ವಿತರಕರೇ ಸಿಗದಿದ್ದ ‘ನೋ ಅದರ್ ಲ್ಯಾಂಡ್’ ಪ್ರಶಸ್ತಿ ಪಡೆಯಿತು.

ಮೂರನೆಯ ಉತ್ತರ:
‘ನೋ ಅದರ್ ಲ್ಯಾಂಡ್’ 2024ರ ಬರ್ಲಿನ್ ಉತ್ಸವದಲ್ಲಿ ಸಾಕ್ಷ್ಯಚಿತ್ರ ಪ್ರಶಸ್ತಿಯ ಜೊತೆಗೆ ಪನೋರಮಾ ವಿಭಾಗದ ಪ್ರೇಕ್ಷಕರ ಪ್ರಶಸ್ತಿಯನ್ನೂ ಪಡೆದಿತ್ತು. ಹಾಗಾಗಿ ಮೊದಲ ಉತ್ತರದ ತರ್ಕಕ್ಕೆ ಅದು ವಿರುದ್ಧವಲ್ಲ, ಪೂರಕ. ಇನ್ನೊಂದು ಬದಲಾವಣೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2026ರ ಆಸ್ಕರ್‌ನಿಂದ, ಒಂದು ವಿಭಾಗದ ಕೊನೆಯ ಸುತ್ತಿನಲ್ಲಿ ಮತ ಹಾಕಬೇಕಾದರೆ ಅದರಲ್ಲಿ ನಾಮನಿರ್ದೇಶನಗೊಂಡ ಎಲ್ಲ ಚಿತ್ರಗಳನ್ನೂ ಸದಸ್ಯರು ನೋಡಿರಬೇಕೆಂಬ ನಿಯಮ ಬಂದಿದೆ. ಹೆಸರು ಕೇಳಿದ ಚಿತ್ರಕ್ಕೇ ಮತ ಒತ್ತುವ ಅಭ್ಯಾಸಕ್ಕೆ ಇದರಿಂದ ಸ್ವಲ್ಪವಾದರೂ ಕಡಿವಾಣ ಬಿದ್ದರೆ, ದೊಡ್ಡ ಪ್ರಚಾರವಿಲ್ಲದ ಚಿತ್ರಗಳ ಗೆಲುವಿನ ಸಾಧ್ಯತೆಯನ್ನು ನಾವು ಈ ಹಿಂದಿಗಿಂತ ತುಸು ಹೆಚ್ಚಾಗಿಯೇ ಅಂದಾಜಿಸಬೇಕಾಗುತ್ತದೆ.